ಕಿವಿರಿನ ಬಿಳಿ ಚುಕ್ಕಿ

ಹೋದ ತಿಂಗಳು ಚಿಕ್ಕಮಗಳೂರಿನ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದೆ. ಹುಳುಕು ಹಲ್ಲನ್ನು ಕೊರೆದು ಮುಗಿಸಿದ ಡಾಕ್ಟರು, ಲವಂಗದ ಎಣ್ಣೆಯಲ್ಲಿ ಅದ್ದಿದ ಹತ್ತಿಯ ಚೂರನ್ನು ಅದರೊಳಗೆ ಒತ್ತಿದರು. ಆ ವಾಸನೆ ಮೂಗಿಗೆ ಏರಿದ್ದೇ ತಡ, ಕಣ್ಣೆದುರು ಒಂದು ಸಿಮೆಂಟಿನ ತೊಟ್ಟಿ ಬಂತು. ತೊಟ್ಟಿಯ ಪಕ್ಕ ಹಸಿರು ಪ್ಲಾಸ್ಟಿಕ್ ಬೇಸಿನ್ನು, ಅದರ ನೀರಿನಲ್ಲಿ ಮಗ್ಗುಲಿಗೆ ವಾಲಿ ನಿದ್ದೆ ಹೋದ ಒಂದು ಗೆಂಡೆ ಮೀನು, ಅದರ ಕಿವಿರಿನ ಮುಚ್ಚಳವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎತ್ತಿ ಹಿಡಿದ ಒಂದು ಕೈ... ನನ್ನ ಕಣ್ಣಲ್ಲಿ ನೀರು ಬಂದಿದ್ದು ಡಾಕ್ಟರಿಗೆ ಕಂಡಿರಬೇಕು. "ನೋವಾಗ್ತಿದೆಯಾ?" ಎಂದರು. ಇಲ್ಲವೆಂದು ತಲೆಯಾಡಿಸಿದೆ.

ಆ ಕೈ ಮೂಡಿಗೆರೆಯ ಮಾರುಕಟ್ಟೆಯಲ್ಲಿ ಮೀನು ಮಾರುತ್ತಿದ್ದ ಕಾಕನವರದು. ಅವರಿಗೊಂದು ಹೆಸರಿತ್ತು, ಆದರೆ ಊರಿನವರೆಲ್ಲ ಹೊಳೆಮೀನು ಕಾಕ ಎಂದೇ ಕರೆಯುತ್ತಿದ್ದರು. ಉಳಿದ ಅಂಗಡಿಗಳಿಗೆ ಮಂಗಳೂರಿನ ಕಡೆಯಿಂದ ಘಾಟಿ ಹತ್ತಿ ಬರುವ ಬಂಗುಡೆ, ಬೂತಾಯಿಯಂಥ ಕಡಲ ಮೀನು. ಕಾಕ ಮಾತ್ರ ಸುತ್ತಲಿನ ಹಳ್ಳ ಹೊಳೆಗಳಲ್ಲಿ ಬಲೆ ಬೀಸುವವರು ತಂದುಕೊಟ್ಟ ಗೆಂಡೆ, ಕೊರವ, ಬಾಳೆ ಮೀನುಗಳನ್ನು ಇಟ್ಟುಕೊಂಡು ಕೂರುತ್ತಿದ್ದರು. ಗಿರಾಕಿ ಬಂದರೆ ಮೊದಲು ಮಾಡುತ್ತಿದ್ದ ಕೆಲಸ, ಮೀನಿನ ಕಿವಿರನ್ನು ಎತ್ತಿ ತೋರಿಸುವುದು. "ಕಿವಿ ನೋಡಿ. ಕೆಂಪಿದ್ರೆ ತಗೊಳ್ಳಿ, ಇಲ್ಲಾಂದ್ರೆ ಬೇಡ" ಎನ್ನುತ್ತಿದ್ದರು. ಅವರಿಗೆ ಕಿವಿರು ಎಂದರೆ ಮೀನಿನ ಕಿವಿ. ಕಿವಿ ಸುಳ್ಳು ಹೇಳುವುದಿಲ್ಲ ಎಂಬುದು ಅವರ ನಂಬಿಕೆ.

ನಾನು ಆಗ ಅಲ್ಲಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ. ಎಂ.ಎಸ್ಸಿ. ಮುಗಿಸಿ ಮೀನುಗಳ ಪರೋಪಜೀವಿಗಳ ಮೇಲೆ ಸಂಶೋಧನೆಗೆ ಸೇರಿದ್ದೆ. ಎರಡನೇ ವರ್ಷಕ್ಕೆ ಬಿಟ್ಟುಬಂದಿದ್ದೆ. ಕಾರಣ ಕೇಳಿದವರಿಗೆ ಮನೆಯ ತಾಪತ್ರಯ ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಬೇಸರ ಬಂದಿತ್ತು. ಹುಳದ ಕೊಕ್ಕೆಗಳನ್ನು ಎಣಿಸುವುದು, ಪುಸ್ತಕದ ಚಿತ್ರದೊಂದಿಗೆ ಹೋಲಿಸುವುದು, ಹೋಲದಿದ್ದರೆ ಮತ್ತೆ ಎಣಿಸುವುದು... ಅಷ್ಟು ತಾಳ್ಮೆ ನನ್ನಲ್ಲಿರಲಿಲ್ಲ. ಆದರೆ ಊರಿನವರೆದುರು ಮೀನಿನ ವಿಷಯ ಬಂದರೆ ಮಾತಾಡುವ ಚಪಲ ಮಾತ್ರ ಉಳಿದಿತ್ತು.

ಹೂಮಳೆ ಬಿದ್ದು ಕಾಫಿ ತೋಟಗಳೆಲ್ಲ ಬೆಳ್ಳಗಾಗಿ, ಆ ಪರಿಮಳವೂ ಇಳಿದಿದ್ದ ದಿನಗಳು. ಒಂದು ಬೆಳಿಗ್ಗೆ ಕಾಕ ಕಾಲೇಜಿಗೇ ಬಂದರು. ಪ್ರಯೋಗಾಲಯದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರಲ್ಲಿ ಎರಡು ಮೀನಿನ ತಲೆ.

"ಇದೆಂತದು ಟೀಚರೇ? ಜಾವಳಿ ಕೆಳಗಿನ ಹಳ್ಳದ ಮೀನು. ಕಿವಿ ತುಂಬ ಬಿಳಿ ಬಿಳಿ ಚುಕ್ಕಿ. ನಲವತ್ತು ವರ್ಷದಿಂದ ಮೀನು ಮಾರ್ತಾ ಇದ್ದೀನಿ, ಅಲ್ಲೊಂದು ಇಲ್ಲೊಂದು ನೋಡಿದ್ದುಂಟು. ಇಷ್ಟೊಂದು ನೋಡಿಲ್ಲ."

ಕತ್ತರಿಯಿಂದ ಕಿವಿರನ್ನು ಬಿಡಿಸಿದೆ. ಹೌದು, ಕೆಂಪು ಎಳೆಗಳ ತುದಿಯಲ್ಲಿ ರವೆಗಿಂತ ಸಣ್ಣ ಬಿಳಿ ಚುಕ್ಕಿಗಳು, ಉದುರಿಸಿದ ಹಾಗೆ. ಕಾಲೇಜಿನ ಸೂಕ್ಷ್ಮದರ್ಶಕದ ಮಸೂರಕ್ಕೆ ಬೂಸ್ಟು ಹಿಡಿದಿತ್ತು. ಮೀನು ಐಸಿನಲ್ಲಿ ಎರಡು ದಿನ ಕೂತು ಮೆತ್ತಗಾಗಿತ್ತು. ನನಗೆ ಮಂಜು ಮಂಜಾಗಿ ಕಂಡದ್ದು ಅಂಗಾಂಶದೊಳಗೆ ಹುದುಗಿದ ಒಂದಷ್ಟು ದುಂಡನೆಯ ಗಂಟುಗಳು. ಹಳೆಯ ಪುಸ್ತಕ ತೆಗೆದೆ. ಮಿಕ್ಸೋಸ್ಪೋರಿಯ ಎಂಬ ಗುಂಪಿನ ಪರೋಪಜೀವಿಗಳು ಕಿವಿರಿನಲ್ಲಿ ಇಂಥದೇ ಬಿಳಿ ಗಂಟು ಕಟ್ಟುತ್ತವೆ. ಒಳಗೆ ಸಾವಿರಾರು ಬೀಜಕಣಗಳಿರುತ್ತವೆ. ಗಂಟನ್ನು ಗಾಜಿನ ನಡುವೆ ಒತ್ತಿ ಒಡೆದು ಆ ಕಣಗಳನ್ನು ನೋಡಿದ ಮೇಲೆಯೇ ಹೆಸರು ಹೇಳಬೇಕೆಂದು ಅದೇ ಪುಟದಲ್ಲಿ ಬರೆದಿತ್ತು. ನಾನು ಒಡೆಯಲಿಲ್ಲ. ಹತ್ತು ನಿಮಿಷಕ್ಕೆ ತರಗತಿಯ ಗಂಟೆ ಹೊಡೆಯುವುದಿತ್ತು.

"ಇದು ಪರೋಪಜೀವಿ ಕಾಕ. ಒಂಥರಾ ಕಾಯಿಲೆ" ಎಂದೆ.

"ತಿಂದವರಿಗೆ ಎಂತಾದ್ರೂ ಆಗುತ್ತಾ?"

"ಬೇಯಿಸಿದ್ರೆ ಏನೂ ಆಗಲ್ಲ ಅನ್ಸುತ್ತೆ. ಆದ್ರೂ ನೋಡ್ಬೇಕು."

ಅವರು ತಲೆಯಾಡಿಸಿ ಹೋದರು. ಹೋಗುವಾಗ, ತನ್ನ ಹತ್ತಿರ ಮೀನು ತಗೊಂಡವರಿಗೆ ಈ ಮಾತನ್ನು ತಿಳಿಸಿಬಿಡುತ್ತೇನೆ ಎಂದರು. ಅಷ್ಟು ನೇರ ಮನುಷ್ಯ. ಅವರು ಹೇಳಿದ್ದು ಒಂದೆರಡು ಕಿವಿ ದಾಟಿ ಊರಿನ ಪತ್ರಿಕೆಯ ವರದಿಗಾರರೊಬ್ಬರನ್ನು ಮುಟ್ಟಿತು. ಸಂಜೆ ಅವರ ಫೋನು ಬಂತು. ತಜ್ಞರ ಅಭಿಪ್ರಾಯ ಬೇಕು ಎಂದರು. ತಜ್ಞರು! ನನ್ನನ್ನು ಅದುವರೆಗೆ ಯಾರೂ ಹಾಗೆ ಕರೆದಿರಲಿಲ್ಲ. "ಆ ಹಳ್ಳದ ಮೀನುಗಳ ಕಿವಿರಿನಲ್ಲಿ ಪರೋಪಜೀವಿ ರೋಗ ಕಂಡಿದೆ. ಪೂರ್ತಿ ಪರೀಕ್ಷೆ ಆಗುವ ತನಕ ತಿನ್ನದಿರುವುದು ಒಳ್ಳೆಯದು" ಎಂದು ಗಂಭೀರವಾಗಿ ಹೇಳಿದೆ. ಮರುದಿನ ಪತ್ರಿಕೆಯಲ್ಲಿ ನನ್ನ ಹೆಸರು ಬಂತು. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ, ಆ ಸುದ್ದಿಯನ್ನು ಕತ್ತರಿಸಿ ಡೈರಿಯಲ್ಲಿ ಇಟ್ಟುಕೊಂಡಿದ್ದೆ.

ಆಮೇಲೆ ಆದದ್ದಕ್ಕೆ ಹೆಚ್ಚು ದಿನ ಹಿಡಿಯಲಿಲ್ಲ. ಸುದ್ದಿಯ ಚಿತ್ರ ಮೊಬೈಲಿನ ಗ್ರೂಪುಗಳಲ್ಲಿ ಓಡಾಡಿತು. ಹಳ್ಳದ ಮೀನು ಎಂಬುದು ಹೊಳೆಮೀನು ಎಂದಾಯಿತು, ಹೊಳೆಮೀನು ಎಂದರೆ ಕಾಕನ ಅಂಗಡಿ ಎಂದಾಯಿತು. ಯಾರೋ ಅಂಗಡಿಯ ಫೋಟೋ ತೆಗೆದು ಹಾಕಿದರು. ಅದರ ಕೆಳಗೆ ಜನ ಬರೆದದ್ದು ಮೀನಿನ ಬಗ್ಗೆ ಮಾತ್ರ ಇರಲಿಲ್ಲ, ಕಾಕನ ಧರ್ಮದ ಬಗ್ಗೆಯೂ ಇತ್ತು... ಅವನ್ನು ಇಲ್ಲಿ ಮತ್ತೆ ಬರೆಯಲು ಮನಸ್ಸಿಲ್ಲ. ವಾರದೊಳಗೆ ಪಟ್ಟಣ ಪಂಚಾಯಿತಿಯವರು ಬಂದು, ವರದಿ ಬರುವವರೆಗೆ ಅಂಗಡಿ ಮುಚ್ಚಿರಿ ಎಂದು ಬಾಯಿಮಾತಲ್ಲಿ ಹೇಳಿ ಹೋದರಂತೆ. ಯಾವ ವರದಿ, ಯಾರು ಕೊಡುವ ವರದಿ ಎಂದು ಯಾರಿಗೂ ಗೊತ್ತಿರಲಿಲ್ಲ. ಕಾಕ ಬಾಗಿಲೆಳೆದರು. ನಾನು ಮಾರುಕಟ್ಟೆಯ ದಾರಿ ಬಿಟ್ಟು ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಓಡಾಡತೊಡಗಿದೆ.

ಬಾಗಿಲೆಳೆದು ಒಂದು ವಾರವಾದ ಮೇಲೆ ಅವರೇ ಮತ್ತೆ ಪ್ರಯೋಗಾಲಯಕ್ಕೆ ಬಂದರು. ಬೈಯಲು ಬಂದಿದ್ದಾರೆ ಎಂದುಕೊಂಡೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ಟೀಚರೇ, ನೀವು ಅದಕ್ಕೊಂದು ಹೆಸರು ಹೇಳಿದ್ರಿ. ನಾನು ಓದಿದವ ಅಲ್ಲ, ಸರಿ ಅಂತ ಒಪ್ಪಿದೆ. ಆದ್ರೆ ಒಂದು ಲೆಕ್ಕ ತಪ್ತಾ ಇದೆ ಮಾರಾಯ್ರೆ."

"ಯಾವ ಲೆಕ್ಕ?"

"ನೀವು ಹೇಳಿದ ಮಾರನೇ ದಿನವೇ ಅದೇ ಹಳ್ಳದಿಂದ ಏಳು ಗೆಂಡೆ ಜೀವಂತ ತಂದು ಮನೆ ಹಿಂದಿನ ತೊಟ್ಟೀಲಿ ಬಿಟ್ಟಿದ್ದೆ. ಕಾಯಿಲೆ ಅಂದ್ರೆ ಸಾಯ್ಬೇಕಲ್ಲ? ಒಂದೂ ಸತ್ತಿಲ್ಲ. ತೌಡು ಹಾಕಿದ್ರೆ ಹಾರಿ ತಿಂತಾವೆ. ಅದೂ ಅಲ್ದೆ, ಮೊದಲಿನಷ್ಟು ಚುಕ್ಕಿ ಈಗಿಲ್ಲ."

ಒಳಗಿನ ಗಂಟು ಹಾಗೆಲ್ಲ ಕಮ್ಮಿಯಾಗುವುದಿಲ್ಲ, ನಿಮಗೆ ಹಾಗೆ ಕಂಡಿರಬೇಕು ಎಂದು ನಾನು ವಾದಿಸಿದೆ. ಕಾಕ ವಾದಿಸಲಿಲ್ಲ. "ಬಂದು ನೋಡಿ" ಎಂದರು. ಹೋಗದೆ ಇರಲು ಕಾರಣಗಳನ್ನು ಹುಡುಕಿದೆ. ಅವರು ಬಾಗಿಲಲ್ಲೇ ನಿಂತಿದ್ದರು. ಮೂರನೇ ಕಾರಣ ಹೇಳುವಷ್ಟರಲ್ಲಿ ನನಗೇ ನಾಚಿಕೆಯಾಗಿ ಚೀಲ ಹೆಗಲಿಗೆ ಹಾಕಿಕೊಂಡೆ.

ಅವರ ಮನೆ ಊರಿನ ಅಂಚಿನಲ್ಲಿ, ಒಂದು ಗ್ಯಾರೇಜಿನ ಹಿಂಭಾಗದಲ್ಲಿತ್ತು. ಹಿತ್ತಿಲಲ್ಲಿ ಎದೆಮಟ್ಟದ ತೊಟ್ಟಿ, ಬಾವಿಯ ನೀರು. ಏಳು ಮೀನೂ ಚುರುಕಾಗಿದ್ದವು. ಜೀವಂತ ಮೀನಿನ ಕಿವಿರನ್ನು ಎತ್ತಿ ನೋಡುವುದು ಸುಲಭವಲ್ಲ, ಒದ್ದಾಡಿ ಗಾಯ ಮಾಡಿಕೊಳ್ಳುತ್ತದೆ. ಸ್ವಲ್ಪವೇ ಲವಂಗದ ಎಣ್ಣೆ ಬೆರೆಸಿದ ನೀರಿನಲ್ಲಿ ಬಿಟ್ಟರೆ ಮೀನಿಗೆ ಮಂಪರು ಬರುತ್ತದೆಂದು ಓದಿದ್ದು ನೆನಪಾಯಿತು. ಹೇಳಿದೆ. ಕಾಕನ ಹೆಂಡತಿ ಒಳಗಿನಿಂದ ಹಲ್ಲುನೋವಿಗೆ ಇಟ್ಟುಕೊಂಡಿದ್ದ ಪುಟ್ಟ ಶೀಶೆ ತಂದರು. "ಮೀನಿಗೂ ಹಲ್ಲು ನೋವಾ?" ಎಂದು ನಕ್ಕರು. ಆ ಮನೆಯಲ್ಲಿ ಆ ದಿನಗಳಲ್ಲಿ ನಗು ಹೇಗೆ ಉಳಿದಿತ್ತೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಬೇಸಿನ್ನಿನ ನೀರಿಗೆ ಎರಡು ಹನಿ. ಮೊದಲ ಮೀನು ಮೆಲ್ಲನೆ ವಾಲಿತು. ಕಾಕ ಒದ್ದೆ ಕೈಯಲ್ಲಿ ಅದನ್ನು ಹಿಡಿದು, ಹೆಬ್ಬೆರಳಿನಿಂದ ಕಿವಿರಿನ ಮುಚ್ಚಳ ಎತ್ತಿದರು. ನಾನು ಭೂತಗನ್ನಡಿಯಲ್ಲಿ ನೋಡಿ ಚುಕ್ಕಿಗಳನ್ನು ಎಣಿಸಿದೆ. ಎಣಿಸಿದ್ದನ್ನು ಬರೆದುಕೊಂಡು ಮೀನನ್ನು ತಿಳಿನೀರಿಗೆ ಬಿಟ್ಟೆವು, ನಿಮಿಷದಲ್ಲಿ ಎದ್ದು ಓಡಿತು. ಏಳಕ್ಕೂ ಹಾಗೇ ಮಾಡಿದೆವು. ಎರಡು ದಿನ ಬಿಟ್ಟು ಮತ್ತೆ ಹೋದೆ. ಮತ್ತೆರಡು ದಿನ ಬಿಟ್ಟು ಮತ್ತೆ. ಪ್ರತಿ ಸಲ ಚುಕ್ಕಿಗಳು ಕಮ್ಮಿಯಾಗಿದ್ದವು. ತಪ್ಪು ಹೇಳಿದ್ದೇನೆ ಎಂದು ಆಗಲೇ ಗೊತ್ತಾಗಿತ್ತು. ಸರಿ ಯಾವುದು ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ.

ಅದನ್ನು ಕಂಡುಹಿಡಿದವರು ಕಾಕ. ಒಂದು ಭಾನುವಾರ ಬೆಳಿಗ್ಗೆ ಸ್ಟೀಲ್ ಲೋಟ ಹಿಡಿದು ನನ್ನ ಬಾಡಿಗೆ ಮನೆಗೇ ಬಂದರು. ಲೋಟದಲ್ಲಿ ಸ್ವಲ್ಪ ನೀರು, ತಳದಲ್ಲಿ ಹಿಟ್ಟಿನಂಥ ಬೂದು ಬಣ್ಣದ ಹುಡಿ.

"ಮೀನು ಬಿಡೋ ಮೊದ್ಲು ತೊಟ್ಟೀನ ನಾನೇ ತಿಕ್ಕಿ ತೊಳ್ದಿದ್ದೆ. ತಳ ಕನ್ನಡಿ ಹಾಗಿತ್ತು. ಈಗ ನೋಡಿ, ಈ ಹುಡಿ. ಮಲ್ ಬಟ್ಟೇಲಿ ಸೋಸಿ ತಂದೆ. ಬಾವಿ ನೀರಲ್ಲಿ ಮರಳು ಬರಲ್ಲ. ಇದು ಮರಳಾ ಟೀಚರೇ?"

ನನ್ನ ಬಳಿ ಸಂಶೋಧನೆಯ ದಿನಗಳಲ್ಲಿ ಕೊಂಡಿದ್ದ ಒಂದು ಹಳೆಯ ಸೂಕ್ಷ್ಮದರ್ಶಕ ಇತ್ತು. ಕೆಳಗೆ ಕನ್ನಡಿಯಿರುವಂಥದ್ದು, ಬಿಸಿಲಿಗೆ ಹಿಡಿದರೆ ಸಾಕು. ಮಂಚದ ಅಡಿಯ ಪೆಟ್ಟಿಗೆಯಿಂದ ತೆಗೆದು, ಧೂಳು ಒರೆಸಿ ಜಗುಲಿಯ ಮೇಲಿಟ್ಟೆ. ಒಂದು ಹನಿ ನೀರು ಗಾಜಿನ ಮೇಲೆ. ಮಸೂರವನ್ನು ಇಳಿಸುತ್ತ ಹೋದೆ.

ಮರಳಿನ ಕಣಗಳು ಬಾಯಿ ತೆರೆದವು.

ಒಂದೊಂದೂ ಎರಡು ಎಸಳಿನ ಪುಟ್ಟ ಚಿಪ್ಪು, ಗಾಜಿನಷ್ಟು ತೆಳುವು. ಒಂದು ಚಿಪ್ಪು ಅರಳಿತು, ಅದರ ಸಂದಿನಿಂದ ನಾಲಿಗೆಯಂಥ ಕಾಲೊಂದು ಹೊರಬಂದು ಗಾಜನ್ನು ತಡಕಿ ಒಳಗೆ ಹೋಯಿತು. ಪಕ್ಕದ್ದೂ ಹಾಗೇ ಮಾಡಿತು. ಓದಿದ ವಿಷಯವೇ. ಎಂ.ಎಸ್ಸಿ. ಪರೀಕ್ಷೆಯಲ್ಲಿ ಅರ್ಧ ಪುಟ ಬರೆದ ವಿಷಯವೇ. ಹೊಳೆಯ ಮರಳಲ್ಲಿ ಅರ್ಧ ಹೂತುಕೊಂಡಿರುವ ಕಪ್ಪೆಚಿಪ್ಪುಗಳಿವೆಯಲ್ಲ, ಅವುಗಳ ಮರಿಗಳು ಹುಟ್ಟಿದ ಕೂಡಲೇ ತಾವಾಗಿ ಬದುಕಲಾರವು. ನೀರಿನಲ್ಲಿ ತೇಲಿ, ಹಾದುಹೋಗುವ ಮೀನಿನ ಕಿವಿರನ್ನು ಕಚ್ಚಿಕೊಳ್ಳುತ್ತವೆ. ಕಿವಿರಿನ ಚರ್ಮ ಅವುಗಳ ಸುತ್ತ ಬೆಳೆದು ಬಿಳಿ ಚುಕ್ಕಿಯಾಗುತ್ತದೆ. ಕೆಲವು ವಾರ ಹಾಗೆ ಕೂತು, ಚಿಪ್ಪು ಬಲಿತ ಮೇಲೆ ತಾವೇ ಬಿಡಿಸಿಕೊಂಡು ತಳಕ್ಕೆ ಬೀಳುತ್ತವೆ. ಪುಸ್ತಕದಲ್ಲಿ ಇವಕ್ಕೆ ಗ್ಲೋಕಿಡಿಯಂ ಎಂದು ಹೆಸರು. ಅಲ್ಲಿಯವರೆಗೆ ಪರೋಪಜೀವಿ ನಿಜ, ಆದರೆ ಆ ಕೆಲವು ವಾರಗಳ ಮಟ್ಟಿಗೆ ಮಾತ್ರ. ಅವತ್ತು ಒಂದೇ ಒಂದು ಗಂಟನ್ನು ಒತ್ತಿ ಒಡೆದಿದ್ದರೆ ಆ ಎರಡು ಎಸಳು ನನಗೆ ಕಂಡಿರುತ್ತಿದ್ದವು.

ಕಾಕನಿಗೆ ಕುರ್ಚಿ ಬಿಟ್ಟುಕೊಟ್ಟೆ. ಅವರು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. ನಾನು ಪಕ್ಕದಲ್ಲಿ ನಿಂತು ವಿವರಿಸುತ್ತಲೇ ಇದ್ದೆ.

"ಅಂದ್ರೆ ಕಾಯಿಲೆ ಅಲ್ಲ" ಎಂದರು ತಲೆ ಎತ್ತದೆ.

"ಅಲ್ಲ."

"ಬಸ್ಸು ಹತ್ತಿದ್ದಾವೆ ಅಷ್ಟೆ. ಅವುಗಳ ಸ್ಟಾಪ್ ಬಂದಾಗ ಇಳೀತಾವೆ." ಮಸೂರದಿಂದ ಕಣ್ಣು ತೆಗೆಯದೆ, "ಎಷ್ಟು ಚಂದ ಇದೆ ಮಾರಾಯ್ರೆ..." ಎಂದರು.

ಅಂಗಡಿ ಮುಚ್ಚಿ ಎರಡು ವಾರಕ್ಕೂ ಮೇಲಾಗಿತ್ತು. ಆದರೂ ಅವರ ಬಾಯಿಂದ ಮೊದಲು ಬಂದದ್ದು ಅಂಗಡಿಯ ಮಾತಲ್ಲ.

ನಾನು ವರದಿಗಾರರಿಗೆ ಫೋನು ಮಾಡಿದೆ. ಅದೆಲ್ಲ ಹಳೇ ಸುದ್ದಿ ಮೇಡಂ, ಒಳಪುಟದಲ್ಲಿ ಎರಡು ಸಾಲು ಹಾಕಬಹುದು ನೋಡೋಣ ಎಂದರು. ಪ್ರಿನ್ಸಿಪಾಲರ ಕೋಣೆಗೆ ಹೋದೆ. ಕಾಲೇಜಿನ ಹಾಳೆಯಲ್ಲಿ ಒಂದು ತಿದ್ದುಪಡಿ ಬರೆದು ಹಂಚುತ್ತೇನೆ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ತಪ್ಪಾಯ್ತು ಅಂತ ನೀವೇ ಹೇಳ್ಕೊಂಡು ತಿರುಗಿದ್ರೆ ಕಾಲೇಜಿನ ಮರ್ಯಾದೆ ಏನಾಗುತ್ತಮ್ಮಾ? ಜನ ಮರೀತಾರೆ, ಬಿಟ್ಬಿಡಿ. ಮುಂದಿನ ವರ್ಷಕ್ಕೆ ನಿಮ್ಮನ್ನ ಮುಂದುವರಿಸೋ ಪತ್ರಾನೂ ಈಗ್ಲೇ ಹೋಗ್ಬೇಕು."

ಅವರು ಕೆಟ್ಟವರಲ್ಲ. ನನ್ನ ಒಳ್ಳೆಯದಕ್ಕೇ ಹೇಳಿದ್ದರು. ಕೋಣೆಯಿಂದ ಹೊರಗೆ ಬಂದು ಕಾರಿಡಾರಿನಲ್ಲಿ ನಿಂತೆ. ಜನ ಮರೆಯುತ್ತಾರೆ, ನಿಜ. ನನ್ನ ಹೇಳಿಕೆಯನ್ನು ಮರೆಯುತ್ತಾರೆ. ಕಾಕನ ಅಂಗಡಿಯ ಮೀನಿನಲ್ಲಿ ಹುಳವಿತ್ತು ಎಂಬುದನ್ನು ಮರೆಯುವುದಿಲ್ಲ. ಸಂಶೋಧನೆಯನ್ನು ಅರ್ಧಕ್ಕೆ ಬಿಟ್ಟಾಗ ನನಗೆ ಹೀಗನಿಸಿರಲಿಲ್ಲ. ಈ ಕೆಲಸವನ್ನು ಮಾತ್ರ ಅರ್ಧಕ್ಕೆ ಬಿಡುವುದಿಲ್ಲ ಎಂದು ಅಲ್ಲೇ ನಿಶ್ಚಯಿಸಿದೆ.

ಕಾಕನಿಗೆ ಹೇಳಿದಾಗ ಅವರೇ ಹಿಂಜರಿದರು. "ಒಂದು ಚೀಟಿ ಬರ್ದು ಕೊಡಿ ಸಾಕು, ಅಂಗಡೀಲಿ ಅಂಟಿಸ್ತೀನಿ. ನಿಮಗ್ಯಾಕೆ ತೊಂದ್ರೆ?"

"ಚೀಟಿ ಯಾರು ಓದ್ತಾರೆ ಕಾಕ? ಸಂತೆ ದಿನ ಅಂಗಡಿ ತೆಗೀರಿ. ನಾನು ಬರ್ತೀನಿ."

ಸಂತೆಯ ದಿನ ರಜೆ ಹಾಕಿದೆ. ನನ್ನ ಹಳೆಯ ಸೂಕ್ಷ್ಮದರ್ಶಕವನ್ನು ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡು ಮಾರುಕಟ್ಟೆಗೆ ನಡೆದೆ. ಕಾಕ ಅಂಗಡಿ ತೊಳೆದು, ಬಿಳಿ ಅಂಗಿ ತೊಟ್ಟು ನಿಂತಿದ್ದರು. ಬುಟ್ಟಿಯಲ್ಲಿ ಜಾವಳಿ ಕೆಳಗಿನ ಅದೇ ಹಳ್ಳದ ಮೀನು. ಅಂಗಡಿಯ ಮುಂದೆ ಬಿಸಿಲು ಬೀಳುವ ಕಡೆ ಒಂದು ಸ್ಟೂಲು ಹಾಕಿ ಸೂಕ್ಷ್ಮದರ್ಶಕ, ಪಕ್ಕದಲ್ಲಿ ತೊಟ್ಟಿಯ ಹುಡಿಯಿದ್ದ ನೀರಿನ ಲೋಟ ಇಟ್ಟೆ. ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ತಂದಿದ್ದೆ: "ಮೀನಿನ ಕಿವಿರಿನ ಬಿಳಿ ಚುಕ್ಕಿ ರೋಗವಲ್ಲ. ನಾನು ಹೇಳಿದ್ದು ತಪ್ಪು. ಬಂದು ನೋಡಿ." ಕೆಳಗೆ ನನ್ನ ಹೆಸರು.

ಮೊದಲ ಅರ್ಧ ಗಂಟೆ ಯಾರೂ ಬರಲಿಲ್ಲ. ಜನ ದೂರದಿಂದ ಓದಿ, ಒಬ್ಬರಿಗೊಬ್ಬರು ಏನೋ ಹೇಳಿಕೊಂಡು ಹೋಗುತ್ತಿದ್ದರು. ಆಮೇಲೆ ಒಂದು ಎಸ್ಟೇಟಿನ ರೈಟರ್ ಬಂದು ಎದುರಿಗೆ ನಿಂತರು. ಲೆಕ್ಕಪತ್ರ ನೋಡಿಕೊಳ್ಳುವ ಮಧ್ಯವಯಸ್ಸಿನ ಮನುಷ್ಯ, ಊರಿನ ಗ್ರೂಪುಗಳಲ್ಲೆಲ್ಲ ಇದ್ದವರು. ಅಂಗಡಿಯ ಫೋಟೋ ಮೊದಲು ಹಾಕಿದ್ದು ಅವರೇ ಎಂದು ನನಗೂ ಗೊತ್ತಿತ್ತು, ಕಾಕನಿಗೂ ಗೊತ್ತಿತ್ತು.

"ಮೊನ್ನೆ ಒಂದು ಹೇಳಿದ್ರಿ, ಇವತ್ತೊಂದು ಹೇಳ್ತೀರಿ. ನಾಳೆ ಇನ್ನೊಂದು ಹೇಳ್ತೀರಾ ಮೇಡಂ?" ಎಂದರು, ನಾಲ್ಕು ಜನರಿಗೆ ಕೇಳುವ ಹಾಗೆ.

ಕಿವಿ ಬಿಸಿಯಾಯಿತು. "ಮೊನ್ನೆ ಸರಿಯಾಗಿ ನೋಡದೆ ಹೇಳಿದೆ. ಇವತ್ತು ನೋಡಿ ಹೇಳ್ತಿದ್ದೀನಿ. ನೀವೂ ನೋಡಿ" ಎಂದೆ.

ಕಾಕ ಒಂದೇ ಮಾತು ಸೇರಿಸಿದರು. "ಅವ್ರು ಹೇಳ್ಲಿಕ್ಕೆ ಇಲ್ಲೀವರೆಗೆ ಬಂದಿದ್ದಾರೆ ಮಾರಾಯ್ರೆ. ನೀವು ಒಂದು ಕಣ್ಣು ನೋಡ್ಲಿಕ್ಕೆ ಬಗ್ಗಕ್ಕಾಗಲ್ವಾ?"

ರೈಟರ್ ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ. ಅವರ ಹಿಂದೆ ನಾಲ್ಕು ಜನ, ಆರು ಜನ ಸೇರಿದರು. ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಂದ ಸಂತೆಗೆ ಬಂದಿದ್ದ ಹೆಂಗಸರಲ್ಲಿ ವಯಸ್ಸಾದ ಒಬ್ಬಾಕೆ ನುಗ್ಗಿಕೊಂಡು ಬಂದು ಕಣ್ಣಿಟ್ಟಳು. ನೋಡಿ, ತಟ್ಟನೆ ತಲೆ ಎತ್ತಿದಳು.

"ಅಯ್ಯೋ, ಇದು ನಮ್ಮ ಹೊಳೆ ಚಿಪ್ಪಿನ ಮರಿಯಲ್ವೇನಮ್ಮಾ! ಮಳೆಗಾಲಕ್ಕೆ ಮುಂಚೆ ಗುಂಡೀಲಿ ಕೈ ಹಾಕಿದ್ರೆ ಸಿಕ್ತಾವಲ್ಲ, ಅದೇ! ಇದಕ್ಕಾ ಇಷ್ಟು ದಿನ ಮೀನು ಬಿಟ್ಟಿದ್ದು?"

ಅವಳ ಆ ಒಂದು ಮಾತು ನನ್ನ ರಟ್ಟಿಗಿಂತ, ಪತ್ರಿಕೆಗಿಂತ ದೂರ ಹೋಯಿತು. ಆಮೇಲೆ ಸಾಲು ನಿಂತಿತು. ಹನಿ ಒಣಗಿದಂತೆ ನಾನು ಲೋಟದಿಂದ ಹೊಸ ಹನಿ ಹಾಕುತ್ತ ಹೋದೆ. ಬಿಸಿಲು ಸರಿದಂತೆ ಕಾಕ ಸ್ಟೂಲು ಸರಿಸುತ್ತ ಹೋದರು. ರೈಟರ್ ಮತ್ತೆ ಸಾಲಿನಲ್ಲಿ ಬಂದರು. ಈ ಸಲ ತಮ್ಮ ಮೊಬೈಲಿನ ಕ್ಯಾಮೆರಾವನ್ನು ಮಸೂರಕ್ಕೆ ಹಿಡಿದು, ಚಿಪ್ಪು ಬಾಯಿ ತೆರೆಯುವುದನ್ನು ವಿಡಿಯೋ ಮಾಡಿಕೊಂಡರು. ಅದೇ ಗ್ರೂಪುಗಳಿಗೆ ಹಾಕಿದರೆಂದು ಆಮೇಲೆ ತಿಳಿಯಿತು. ಮೀನು ಮಾತ್ರ ಕೊಳ್ಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಲೈನ್ ಮನೆಯ ಆ ಹೆಂಗಸು ಎರಡು ಗೆಂಡೆ ಕಟ್ಟಿಸಿಕೊಂಡಳು. ಮಧ್ಯಾಹ್ನ ಮೂರಕ್ಕೆ ಬುಟ್ಟಿಯಲ್ಲಿ ಅರ್ಧ ಮೀನು ಉಳಿದಿತ್ತು. ಅರ್ಧ ಹೋಗಿತ್ತು. ಕಾಕ ಬುಟ್ಟಿಯನ್ನೇ ನೋಡುತ್ತ, "ಸಾಕು. ಶುರುವಾಯ್ತು" ಎಂದರು.

ಹಳೆಯ ಗಿರಾಕಿಗಳು ಎಲ್ಲರೂ ವಾಪಸು ಬರಲಿಲ್ಲ. ಕೆಲವರು ಮೀನಿನ ನೆಪದಲ್ಲಿ ದೂರವಾದವರು, ದೂರವೇ ಉಳಿದರು. ಆದರೂ ಮಳೆಗಾಲ ಹಿಡಿಯುವಷ್ಟರಲ್ಲಿ ಅಂಗಡಿ ತನ್ನ ಕಾಲ ಮೇಲೆ ನಿಂತಿತು. ಕಾಲೇಜಿನ ಮುಂದಿನ ವರ್ಷದ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಕಾರಣ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಳಸದ ಒಂದು ಖಾಸಗಿ ಪಿ.ಯು. ಕಾಲೇಜಿನಲ್ಲಿ ಕೆಲಸ ಸಿಕ್ಕಿ ಅಲ್ಲಿಗೆ ಹೋದೆ. ಅದೇ ವರ್ಷ ಬಿಟ್ಟಿದ್ದ ಸಂಶೋಧನೆಗೆ ಮತ್ತೆ ಹೆಸರು ನೋಂದಾಯಿಸಿದೆ. ವಿಷಯ, ನಮ್ಮ ಗುಡ್ಡಗಳ ಹಳ್ಳ ಹೊಳೆಗಳ ಮೀನಿನ ಕಿವಿರಿನಲ್ಲಿ ಯಾವ ಯಾವ ಪರೋಪಜೀವಿಗಳಿವೆ ಎಂಬುದು.

ಕಾಕ ನನ್ನನ್ನು ಬಿಡಲಿಲ್ಲ. ವಾರಕ್ಕೊಮ್ಮೆ ಕಳಸದ ಬಸ್ಸಿನ ಡ್ರೈವರ್ ಕೈಯಲ್ಲಿ ಒಂದು ಥರ್ಮೋಕೋಲ್ ಡಬ್ಬಿ ಬರುತ್ತಿತ್ತು. ಒಳಗೆ ಐಸು, ಬೇರೆ ಬೇರೆ ಕವರಿನಲ್ಲಿ ಮೀನಿನ ತಲೆಗಳು, ಪ್ರತಿ ಕವರಿಗೂ ಒಂದು ಚೀಟಿ. ಯಾವ ಮೀನು, ಯಾವ ಗುಂಡಿ, ಹಿಡಿದದ್ದು ಬೆಳಿಗ್ಗೆಯೋ ಸಂಜೆಯೋ ಎಲ್ಲ ಅವರ ಓರೆಕೋರೆ ಅಕ್ಷರದಲ್ಲಿ. ಬರುಬರುತ್ತ ಚೀಟಿಯಲ್ಲಿ ಇನ್ನೊಂದು ವಿಷಯ ಸೇರಿತು. ಹುಳ ಕಿವಿರಿನ ಯಾವ ಭಾಗದಲ್ಲಿ ಕೂತಿದೆ ಎಂಬುದು. ಕಾಕ ಒಂದು ಭೂತಗನ್ನಡಿ ಕೊಂಡಿದ್ದರು. ಅವರ ಪ್ರಕಾರ ಹುಳಗಳಲ್ಲಿ ಮೂರು ಜಾತಿ: ಎಳೆಗಳ ತುದಿಯವು, ಬುಡದವು, ಮೂಳೆಯ ಮಗ್ಗುಲಿನವು. ನಾನು ನಕ್ಕಿದ್ದೆ. ಶಾಸ್ತ್ರದಲ್ಲಿ ಹಾಗೆ ವಿಂಗಡಿಸುವುದಿಲ್ಲ ಕಾಕ, ಕೊಕ್ಕೆ ಎಷ್ಟಿವೆ, ಯಾವ ಆಕಾರ ಎಂದು ನೋಡಬೇಕು ಎಂದಿದ್ದೆ.

ಒಂದು ಸಲ ಚಪ್ಪಟೆ ಹುಳಗಳದೊಂದು ಗುಂಪನ್ನು ಒಂದೇ ಜಾತಿ ಎಂದು ಬರೆದುಕೊಂಡಿದ್ದೆ. ಕಾಕ ಫೋನು ಮಾಡಿದರು. "ಅಲ್ಲ ಟೀಚರೇ, ತುದೀಲಿ ಕೂರೋದು ಬುಡಕ್ಕೆ ಹೋಗಲ್ಲ, ಬುಡದ್ದು ತುದಿಗೆ ಬರಲ್ಲ. ನಾನು ದಿನಾ ನೋಡ್ತೀನಲ್ಲ. ಒಂದೇ ಮನೆಯವ್ರಾದ್ರೆ ಒಂದಲ್ಲ ಒಂದಿನ ಆಚೆ ಈಚೆ ಓಡಾಡ್ಬೇಕಲ್ವಾ?" ಈ ಸಲ ನಾನು ವಾದಿಸಲಿಲ್ಲ. ಹುಳಗಳನ್ನಿಟ್ಟಿದ್ದ ಎಲ್ಲ ಗಾಜಿನ ಸ್ಲೈಡುಗಳನ್ನು ಮತ್ತೆ ತೆಗೆದು ಹದಿನೈದು ದಿನ ಕೂತೆ. ತುದಿಯವುಗಳ ಕೊಕ್ಕೆಯ ಬುಡದಲ್ಲಿ ಒಂದು ಸಣ್ಣ ಕವಲು. ಬುಡದವುಗಳಲ್ಲಿ ಅದಿಲ್ಲ. ಎರಡು ಜಾತಿ. ಮೊದಲು ಬೇಸರ ತರಿಸಿದ್ದ ಆ ಎಣಿಕೆ ಅವತ್ತು ಬೇಸರ ತರಲಿಲ್ಲ...

ಪ್ರಬಂಧ ಮುಗಿಯಿತು. ಕೃತಜ್ಞತೆಯ ಪುಟದಲ್ಲಿ ಮೊದಲ ಹೆಸರು ಅವರದು, ಅಡ್ಡಹೆಸರಲ್ಲ, ಪೂರ್ತಿ ಹೆಸರು. ಬೈಂಡು ಮಾಡಿಸಿದ ಪ್ರತಿಯನ್ನು ಅಂಗಡಿಗೆ ಒಯ್ದುಕೊಟ್ಟೆ. ಕೈ ತೊಳೆದು, ಒರೆಸಿಕೊಂಡು ತೆಗೆದುಕೊಂಡರು. ಚಿತ್ರಗಳ ಪುಟಗಳನ್ನೆಲ್ಲ ತಿರುಗಿಸಿ, "ನಮ್ಮ ಚಿಪ್ಪಿನ ಮರಿ ಎಲ್ಲಿ?" ಎಂದು ಕೇಳಿದರು. ತೋರಿಸಿದೆ. ಆ ಪುಟ ತೆರೆದಿಟ್ಟುಕೊಂಡೇ ಇಬ್ಬರು ಗಿರಾಕಿಗಳಿಗೆ ಮೀನು ಕೊಟ್ಟರು.

ಅದಾದ ಎರಡನೇ ವರ್ಷ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ನಾನು ಶಿವಮೊಗ್ಗಕ್ಕೆ ಹೋಗಿದ್ದೆ. ವಾಪಸು ಬಂದು ಮೂರು ದಿನವಾದರೂ ಡಬ್ಬಿ ಬರಲಿಲ್ಲವೆಂದು ಬಸ್ಸಿನ ಡ್ರೈವರನ್ನು ವಿಚಾರಿಸಿದೆ. "ನಿಮಗೆ ಗೊತ್ತಿಲ್ವಾ ಮೇಡಂ?" ಎಂದರು. ಎದೆನೋವು ಅಂತ ಹಾಸನಕ್ಕೆ ಕರೆದೊಯ್ಯುವಾಗ ದಾರಿಯಲ್ಲೇ... ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದು ಆರು ದಿನವಾಗಿತ್ತು. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಕೂತಿದ್ದರು.

ಒಂದು ವಿಷಯ ನನ್ನನ್ನು ಇವತ್ತಿಗೂ ಕೊರೆಯುತ್ತದೆ. ಸಂತೆಯಲ್ಲಿ ಅಷ್ಟು ಜನರ ಮುಂದೆ ತಪ್ಪಾಯಿತೆಂದು ಹೇಳಿದೆ. ಅವರೊಬ್ಬರ ಎದುರು ಕೂತು, ಕಾಕ ನನ್ನಿಂದ ನಿಮಗೆ ಹೀಗಾಯ್ತು, ಕ್ಷಮಿಸಿ ಎಂದು ಒಮ್ಮೆಯೂ ಹೇಳಲಿಲ್ಲ. ಹೇಳಲು ಹೊರಟಾಗಲೆಲ್ಲ ಅವರು ಯಾವುದೋ ಮೀನಿನ ಕಿವಿ ಎತ್ತಿ ಹಿಡಿದು, "ಇಲ್ನೋಡಿ, ಇಲ್ನೋಡಿ" ಎನ್ನುತ್ತಿದ್ದರು. ಬೇಕೆಂದೇ ಹಾಗೆ ಮಾಡುತ್ತಿದ್ದರೋ ಏನೋ. ನನಗೆ ತಿಳಿಯುವ ದಾರಿ ಈಗಿಲ್ಲ.

ಈ ಬೇಸಿಗೆಯಲ್ಲಿ ಜಾವಳಿ ಕೆಳಗಿನ ಆ ಹಳ್ಳದಿಂದ ಮತ್ತೆ ಮೀನು ತರಿಸಿ ನೋಡುತ್ತಿದ್ದೇನೆ. ಈ ವರ್ಷದ ಕಿವಿರುಗಳು ಕೆಂಪಗೆ, ಶುಭ್ರವಾಗಿವೆ. ಒಂದು ಮೀನಿನಲ್ಲೂ ಬಿಳಿ ಚುಕ್ಕಿ ಇಲ್ಲ. ಮೀನು ತಂದುಕೊಡುವವರು ಖುಷಿಯಿಂದ, "ಈ ಸಲ ಒಂಚೂರೂ ಕಾಯಿಲೆ ಇಲ್ಲ ನೋಡಿ ಮೇಡಂ" ಎಂದರು. ನನ್ನ ಎದೆ ಧಸಕ್ಕೆಂದಿತು. ಚುಕ್ಕಿ ಇಲ್ಲವೆಂದರೆ ಮರಿಗಳಿಲ್ಲ. ಮರಿಗಳಿಲ್ಲವೆಂದರೆ ಆ ಗುಂಡಿಗಳ ತಳದಲ್ಲಿ ತಾಯಿ ಚಿಪ್ಪುಗಳೂ ಇಲ್ಲವೇನೋ. ಯಾಕೆಂದು ಕೇಳಿ ಪತ್ರಿಕೆಯವರೊಬ್ಬರು ಫೋನು ಮಾಡಿದ್ದರು. ಗೊತ್ತಿಲ್ಲ, ಇನ್ನೂ ನೋಡುತ್ತಿದ್ದೇನೆ ಎಂದಷ್ಟೇ ಹೇಳಿದೆ. ಶುಭ್ರವಾದ ಕಿವಿರನ್ನು ಕಂಡು ಒಬ್ಬಳು ಯಾಕೆ ಕಂಗೆಡುತ್ತಾಳೆಂದು ವಿವರಿಸದೆಯೇ ಅರ್ಥವಾಗುವ ಮನುಷ್ಯ ಈ ತಾಲ್ಲೂಕಿನಲ್ಲಿ ಒಬ್ಬರೇ ಇದ್ದರು.

ಹಳ್ಳದ ಮೇಲ್ಭಾಗದಲ್ಲಿ, ಜೀಪು ಹೋಗದ ಕಡೆ ಇನ್ನೂ ಮೂರು ಗುಂಡಿಗಳಿವೆಯಂತೆ. ಅವನ್ನು ನಾನು ನೋಡಿಲ್ಲ. ನಾಳೆ ಬೆಳಗಿನ ಮೊದಲ ಬಸ್ಸಿಗೆ ಜಾವಳಿಗೆ ಹೊರಡುತ್ತೇನೆ.